ಎಡಗಡೆಯ ಹಿಂದಿನ ಸೀಟು

“ಹಿಂದ್ಗಡೆ ಎಡಗಡೆ ಸೀಟು ಖಾಲಿ ಇಲ್ಲ ಸಾ. ಅಲ್ಲೊಂದು ಮಗು ಕುಂತದೆ. ಅದ್ಕೆ ಬಾಯಾರ್ಕೆ. ತಿಳ್ಕಂಡೇ ತಕ್ಕತ್ತೀರಾ?”

ಚಿಕ್ಕಬಸಪ್ಪನವರು ಇಷ್ಟನ್ನು ಒಂದೇ ಉಸಿರಿಗೆ, ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿ, ಮದನನ ಮುಖವನ್ನೇ ನೋಡುತ್ತಾ ನಿಂತರು. ಮೂಗೂರಿನ ಅವರ ಮನೆಯ ಮುಂದೆ, ಹುಣಸೆಮರದ ನೆರಳಿನಲ್ಲಿ, ಆ ಕಾಂಟೆಸ್ಸಾ ಕಾರು ನಿಂತಿತ್ತು. ತೊಂಬತ್ತಮೂರರ ಮಾಡೆಲ್ಲು, ಕಡುಗೆಂಪು ಬಣ್ಣ, ಮೂತಿಯಲ್ಲಿ ನಾಲ್ಕು ದೀಪ, ಉದ್ದನೆಯ ಬಾನೆಟ್ಟು. ಮದನ್ ಒಮ್ಮೆ ಖಾಲಿ ಸೀಟನ್ನು ನೋಡಿದ. ಒಮ್ಮೆ ಮುದುಕರನ್ನು ನೋಡಿದ. ಆಮೇಲೆ ನಕ್ಕ. ಮುಗುಳುನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಇರಲಿ ಬಿಡಿ ಯಜಮಾನ್ರೇ, ಮಗೂಗೆ ಹಾಫ್ ಟಿಕೆಟ್ ತಗೊಂಡ್ರಾಯ್ತು” ಎಂದ.

ಚಿಕ್ಕಬಸಪ್ಪ ಕೀ ಚಾಚಿದರು. ಕೀಗೆ ಕಟ್ಟಿದ್ದ ಹಿತ್ತಾಳೆಯ ಗೆಜ್ಜೆ ಗಲಗಲ ಎಂದಿತು. ಮದನ್ ಅದನ್ನು ತೆಗೆದುಕೊಂಡ. ಅದೇ ಹೊತ್ತಿಗೆ ಒಳಮನೆಯಿಂದ, ಒಣಗಿ ಸೀಳಿದ ಗಂಟಲಿನ ಒಂದು ದನಿ ಕೇಳಿಸಿತು.

“ಅವ್ವಾ, ನೀರು.”

ಒಳಗೆ ಚಿಕ್ಕಬಸಪ್ಪನವರ ಹೆಂಡತಿ ಮಲ್ಲಾಜಮ್ಮ ಚೀರಿದರು. ಪಾತ್ರೆ ಬಿದ್ದ ಸದ್ದಾಯಿತು. ಮದನ್ ಬೆಚ್ಚಿ ಏನಾಯಿತೆಂದು ಕೇಳಿದ.

“ಮೊಮ್ಮಗ ಸಾ. ಉಸಾರಿರ್ಲಿಲ್ಲ. ಈಗ ಮಾತಾಡ್ದ” ಎಂದು ಮುದುಕರು ಬಗ್ಗಿ ಮದನನ ಪಾದದ ಬಳಿಯ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಷ್ಟು ವಯಸ್ಸಾದವರು ತನಗೆ ಯಾಕೆ ನಮಸ್ಕಾರ ಮಾಡಬೇಕು? ಕೇಳಬೇಕಿತ್ತು, ಕೇಳಲಿಲ್ಲ. ಅವನ ಜೀವವೆಲ್ಲ ಕಾರಿನ ಮೇಲಿತ್ತು.

ನಂಜನಗೂಡಿನಿಂದ ಜೊತೆಗೆ ಕರೆತಂದಿದ್ದ ಮೆಕ್ಯಾನಿಕ್ ಮಂಟೇಸ್ವಾಮಿ, ಐದು ನಿಮಿಷದ ಹಿಂದೆ ಇಂಜಿನ್ನಿಗೆ ಕಿವಿಗೊಟ್ಟು ತಲೆದೂಗಿದ್ದವನು, ಈಗ ರಸ್ತೆಯ ಆಚೆ ಬದಿಗೆ ಹೋಗಿ ನಿಂತಿದ್ದ.

“ನೀವ್ ನಡೀರಿ ಸಾ. ನಾನು ಬಸ್ಸಲ್ಲಿ ಬತ್ತೀನಿ. ಗಾಡಿ ಚಿನ್ನದಂಗದೆ. ಆದ್ರೆ ನೀವು ನಗಬಾರ್ದಿತ್ತು.”

ಈ ಮದನ್ ಈ ಸೀಮೆಗೆ ಹೊಸಬ. ಆರು ತಿಂಗಳ ಹಿಂದೆ, ಎರಡು ಸಾವಿರದ ಆರರ ಜೂನಿನಲ್ಲಿ, ತುಮಕೂರಿನಿಂದ ವರ್ಗವಾಗಿ ನಂಜನಗೂಡಿನ ಕಾಲೇಜೊಂದಕ್ಕೆ ರಸಾಯನಶಾಸ್ತ್ರ ಪಾಠ ಮಾಡಲು ಬಂದವನು. ಹೆಂಡತಿ ಅರ್ಪಿತ, ಆರು ವರ್ಷದ ಮಗಳು ಕವನ, ಪಕ್ಕದಲ್ಲಿ ತಗಡಿನ ಶೆಡ್ಡಿರುವ ಬಾಡಿಗೆ ಮನೆ. ಸಂಜೆಯಾದರೆ ಪುಣ್ಯಾತ್ಮ ಬಸ್ ಸ್ಟ್ಯಾಂಡಿನ ಹಿಂದಿನ ಸೈಬರ್ ಕೆಫೆಯಲ್ಲಿ ಸಿಗುತ್ತಿದ್ದ. ಪ್ಲೈವುಡ್ಡಿನ ಗೂಡಿನೊಳಗೆ ಬೆವರುತ್ತಾ ಕೂತು, ಮಾರಾಟಕ್ಕಿಟ್ಟ ಹಳೆಯ ಕಾರುಗಳ ಜಾಹೀರಾತು ನೋಡುವುದು ಅವನ ಚಟ. ಜಾತಕ ಅಂದರೆ ಉರಿದುಬೀಳುತ್ತಿದ್ದ ಈ ಮನುಷ್ಯ ಕಾರಿನ ಫೋಟೊಗಳನ್ನು ಮಾತ್ರ ಜಾತಕದಷ್ಟೇ ಭಕ್ತಿಯಿಂದ ಓದುತ್ತಿದ್ದ. ಬಾಗಿಲಿನ ಸಂದು ಒಂದೇ ಸಮ ಇಲ್ಲವೋ, ಎಲ್ಲೋ ಗುದ್ದಿಸಿಕೊಂಡಿದೆ. ಪೆಡಲಿನ ರಬ್ಬರು ಸವೆದಿದ್ದರೂ ಮೀಟರು ಮೂವತ್ತು ಸಾವಿರ ತೋರಿಸುತ್ತಿದೆಯೋ, ಮೀಟರು ತಿರುಗಿಸಿದ್ದಾರೆ. ನೆಲಕ್ಕೆ ನೀರು ಹೊಡೆದು ಫೋಟೊ ತೆಗೆದಿದ್ದಾರೋ, ಆಯಿಲ್ ಸೋರುತ್ತದೆ. ಸುಳ್ಳು ಹೇಳುವ ಫೋಟೊ ಅವನ ಮುಂದೆ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ.

ಆ ಕಾಂಟೆಸ್ಸಾದ ಹನ್ನೆರಡು ಫೋಟೊಗಳಲ್ಲಿ ಒಂದು ಸುಳ್ಳೂ ಇರಲಿಲ್ಲ. ಇದ್ದದ್ದು ಒಂದೇ ಕೊರತೆ. ಎಡಗಡೆಯ ಹಿಂದಿನ ಕಿಟಕಿಯ ಗಾಜು ಹನ್ನೆರಡರಲ್ಲೂ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಗಾಜು ಏರಿಸುವ ಹಿಡಿ ಕೆಟ್ಟಿರಬೇಕು, ಒಂದು ಭಾನುವಾರದ ಕೆಲಸ, ಎಂದುಕೊಂಡಿದ್ದ.

ಮೂಗೂರಿನಿಂದ ಒಬ್ಬನೇ ಕಾರು ಓಡಿಸಿಕೊಂಡು ಬಂದ. ಒಳಗೊಂದು ವಾಸನೆಯಿತ್ತು. ಕೆಟ್ಟ ಹಾಲಿನದ್ದು, ಅದರ ಅಡಿಯಲ್ಲಿ ಸುಟ್ಟ ಕೂದಲಿನದ್ದು. ತಿ. ನರಸೀಪುರದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ, ಪೆಟ್ರೋಲ್ ಹಾಕುತ್ತಿದ್ದವನು ಹಿಂದಿನ ಕಿಟಕಿಯತ್ತ ಬಗ್ಗಿ ನೋಡಿದ. “ಮಗೀಗೆ ನೀರ್ಗೀರು ಬೇಕಾ ಸಾ? ತುಟಿಯೆಲ್ಲ ಒಣಗೋಗದೆ” ಎಂದ. ಮುದುಕ ಊರಿಗೂರನ್ನೇ ನಾಟಕಕ್ಕೆ ಸೇರಿಸಿಕೊಂಡಿದ್ದಾನೆ ಎಂದು ಮದನ್ ಇನ್ನೊಮ್ಮೆ ನಕ್ಕ. ಆದರೆ ನಂಜನಗೂಡು ಮುಟ್ಟುವ ತನಕ ಕನ್ನಡಿಯಲ್ಲಿ ಹಿಂದಕ್ಕೆ ನೋಡಲಿಲ್ಲ.

ಹೊಸ ಗಾಡಿ ಬಂದರೆ ದೇವಸ್ಥಾನದ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆಸುವುದು ಇಲ್ಲಿನ ಪದ್ಧತಿ. ಅರ್ಪಿತಳೂ ಕೇಳಿದಳು. ಮದನ್ ಕೇಳಿಸಿಕೊಳ್ಳಲಿಲ್ಲ. ನಿಂಬೆಹಣ್ಣೆಂದರೆ ಅವನಿಗೆ ಆಟದ ಸಾಮಾನು. ಬದನವಾಳಿನ ರಾಹುಲ್ ಅವನ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ಎಳೆಯ ಮೇಷ್ಟ್ರು. ಇಬ್ಬರೂ ಸೇರಿ ಶಾಲೆಯಿಂದ ಶಾಲೆಗೆ ಹೋಗಿ ಮಾಟ-ಮಂತ್ರದ ಗುಟ್ಟು ಬಯಲು ಮಾಡುವ ಕಾರ್ಯಕ್ರಮ ನಡೆಸುತ್ತಿದ್ದರು. ರಾಹುಲನದು ಮಂತ್ರವಾದಿಯ ಪಾತ್ರ. ಮಂಡಿಯೂರಿ, ಕಣ್ಣು ಮೇಲುಗಣ್ಣು ಮಾಡಿ, “ಬಾಯಾರ್ಕೆ... ಬಾಯಾರ್ಕೆ...” ಎಂದು ದನಿ ಎಳೆದು ನಿಂಬೆಹಣ್ಣು ಕೊಯ್ದರೆ ರಕ್ತ ಬರುತ್ತಿತ್ತು. ಆಗ ಮದನ್ ಮುಂದೆ ಬಂದು, ಚಾಕುವಿಗೆ ಸವರಿದ್ದ, ಹುಳಿ ತಾಗಿದರೆ ಕೆಂಪಾಗುವ ಮಿಥೈಲ್ ಆರೆಂಜಿನ ಗುಟ್ಟು ಹೇಳುತ್ತಿದ್ದ. ಮೊದಲ ಸಾಲಿನಲ್ಲಿ ಕೂತ ಕವನ ಪ್ರತಿಸಲವೂ ಅದೇ ಜಾಗದಲ್ಲಿ, ರಾಹುಲ್ ಮಾಮ ಮಂಡಿಯೂರಿ ದನಿ ಎಳೆದ ಕೂಡಲೇ, ಕಿಲಕಿಲನೆ ನಗುತ್ತಿದ್ದಳು. ಇಡೀ ಶಾಲೆ ಹೆದರಿ ಕೂತಿರುವಾಗ ಅವಳೊಬ್ಬಳ ನಗು ಕೇಳಿ ಮದನನಿಗೆ ಎದೆಯುಬ್ಬುತ್ತಿತ್ತು.

ಕವನ ಕಾರಿನಲ್ಲಿ ಬಲಗಡೆಯೇ ಕೂರುತ್ತಿದ್ದಳು. ಎಡಕ್ಕೆ ಸರಿ ಎಂದರೆ, “ಅಲ್ಲಿ ಅಕ್ಕ ಕೂತಿದ್ದಾಳೆ” ಎನ್ನುತ್ತಿದ್ದಳು. ಅವಳ ನೀರಿನ ಬಾಟಲಿ ಶಾಲೆ ಮುಟ್ಟುವಷ್ಟರಲ್ಲಿ ಖಾಲಿಯಾಗುತ್ತಿತ್ತು. ಕೇಳಿದರೆ ಅಕ್ಕನಿಗೆ ಕೊಟ್ಟೆ ಎನ್ನುವಳು. ಸೀಟು ಮುಟ್ಟಿ ನೋಡಿದರೆ ಒಣಗಿರುತ್ತಿತ್ತು. ಮಗಳ ಕಲ್ಪನಾಶಕ್ತಿ ಚೆನ್ನಾಗಿದೆ ಎಂದು ಮದನ್ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ. ಫೆಬ್ರವರಿಯ ಹೊತ್ತಿಗೆ ಕವನ ತಾನೇ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಬಲವಂತ ಮಾಡಿದರೆ ತುಟಿ ಬಿಗಿದುಕೊಳ್ಳುತ್ತಿದ್ದಳು.

“ಅಕ್ಕ ಕುಡೀಲಿ ಮೊದಲು” ಎನ್ನುತ್ತಿದ್ದಳು.

ಆ ಕಿಟಕಿಯದ್ದೂ ಒಂದು ಗೋಳು. ಸಂಜೆ ಹಿಡಿ ತಿರುಗಿಸಿ ಗಾಜನ್ನು ಪೂರ್ತಿ ಏರಿಸಿಟ್ಟರೆ ಬೆಳಿಗ್ಗೆ ಎರಡು ಬೆರಳು ಇಳಿದಿರುತ್ತಿತ್ತು. ಒಂದು ಭಾನುವಾರ ಮದನ್ ಶೆಡ್ಡಿನಲ್ಲಿ ಕೂತು ಆ ಬಾಗಿಲಿನ ಒಳಹಲಗೆ ಬಿಚ್ಚಿದ.

ನಡುಹಗಲು. ಕರೆಂಟಿರಲಿಲ್ಲ. ತಗಡು ಕಾದು ಟಣ್ ಟಣ್ ಎನ್ನುತ್ತಿತ್ತು. ಬಾಗಿಲಿನ ಪೊಳ್ಳಿನೊಳಗೆ ಕತ್ತಲೆ. ಕೆಟ್ಟ ಹಾಲಿನ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಕೈ ಇಳಿಬಿಟ್ಟು ತಡಕಾಡಿದ. ಏನೋ ಮೆತ್ತಗೆ ಬೆರಳಿಗೆ ಸುತ್ತಿಕೊಂಡಿತು. ಎಳೆದ. ಕೂದಲು. ಪುಟ್ಟ ಜಡೆ. ತುದಿಯಲ್ಲಿ ಹಸಿರು ರಿಬ್ಬನ್ನು. ಅದರ ಇನ್ನೊಂದು ತುದಿಗೆ, ಏಳು ಮೊಳೆ ಹೊಡೆದ ಒಂದು ನಿಂಬೆಹಣ್ಣು. ಎಷ್ಟು ವರ್ಷದಿಂದ ಅಲ್ಲಿತ್ತೋ, ಈಗತಾನೇ ಗಿಡದಿಂದ ಕಿತ್ತ ಹಾಗೆ ಹಳದಿಯಾಗಿತ್ತು. ಟಾರ್ಚು ಬಿಟ್ಟು ನೋಡಿದ. ಗಾಜಿನ ಒಳಮೈ ತುಂಬ, ಇಷ್ಟು ದಿನ ಕಾಣದಿದ್ದ ಗೀರುಗಳು. ಸಣ್ಣ ಸಣ್ಣ ಗೀರು. ನಾಲ್ಕು ನಾಲ್ಕು ಗೀರು ಜೊತೆಜೊತೆಗೆ. ಉಗುರಿನವು.

ಬಿಸಿಲಲ್ಲಿ ಮುಚ್ಚಿದ ಕಾರು. ಒಳಗೊಂದು ಮಗು. ಯಾರು ಯಾವ ಆಸೆಗೆ ಮಾಡಿಸಿದ ಬಲಿಯೋ. ಮದನನಿಗೆ ಅಷ್ಟೂ ಒಂದೇ ಕ್ಷಣದಲ್ಲಿ ಹೊಳೆಯಿತು. ಆದರೂ ಮೇಷ್ಟ್ರು. ಒಪ್ಪಿಕೊಳ್ಳಲಾರ. ಅಡುಗೆಮನೆಯಿಂದ ಹೊಸ ಚಾಕು ತಂದ. ತೊಳೆದ. ಒರೆಸಿದ. ನಿಂಬೆಹಣ್ಣನ್ನು ಕೊಯ್ದ.

ಕೆಂಪಗೆ ಹರಿಯಿತು. ಬೆಚ್ಚಗಿತ್ತು. ಮಿಥೈಲ್ ಆರೆಂಜ್ ಕಾಲೇಜಿನ ಬೀರುವಿನಲ್ಲಿತ್ತು. ಬೀರುವಿನ ಕೀ ಅವನ ಜೇಬಿನಲ್ಲಿತ್ತು.

ಬೆನ್ನ ಹಿಂದೆ, ಖಾಲಿ ಸೀಟಿನಿಂದ, ಯಾರೋ ತುಟಿ ಚೀಪಿದ ಸದ್ದು.

ಅಷ್ಟರಲ್ಲಿ ಮನೆಯೊಳಗಿನಿಂದ ಅರ್ಪಿತ ಕೂಗಿದಳು. ಕವನ ಪ್ರಜ್ಞೆ ತಪ್ಪಿ ಬಿದ್ದಿದ್ದಳು.

ಮೈಸೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಗ್ಲೂಕೋಸ್ ಹಾಕಿದರು. ಎಲ್ಲಾ ಪರೀಕ್ಷೆ ಮಾಡಿದರು, ಎಲ್ಲವೂ ಸರಿಯಾಗಿದೆ ಎಂದರು. ಮನೆಗೆ ತಂದು ಮಲಗಿಸಿದರೆ ಮಗು ಕಣ್ಣು ತೆರೆದುಕೊಂಡೇ ಎಡಕ್ಕೆ ನೋಡುತ್ತಿತ್ತು. ಮಾತಿಲ್ಲ, ನಗುವಿಲ್ಲ. ಬಾಯಿಗೆ ಬಿಟ್ಟ ನೀರು ಕಟವಾಯಿಯಿಂದ ಹೊರಗೆ ಹರಿಯುತ್ತಿತ್ತು. ತುಟಿ ಬಿರಿದು ಹೊಪ್ಪಳಿಕೆ ಎದ್ದಿತ್ತು. ಮದನ್ ಕೊನೆಗೆ ಮೂಗೂರಿನ ಬಸ್ಸು ಹತ್ತಿದ.

ಚಿಕ್ಕಬಸಪ್ಪ ಎದುರಿಗೆ ಬರಲಿಲ್ಲ. ಜಗುಲಿಯ ಮೇಲೆ ಮಲ್ಲಾಜಮ್ಮ ಮೊಮ್ಮಗನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು. ಮದನನನ್ನು ಕಂಡು ಅವರ ಕಣ್ಣು ತುಂಬಿತು.

“ದಿನಾ ನಿಮ್ಗೆ ಕೈ ಮುಗೀತೀನಿ ಮೇಷ್ಟ್ರೇ. ನೀವು ನಕ್ಕುದ್ಕೇ ನಮ್ಮುಡ್ಗ ಉಳ್ಕಂಡ.”

“ನನಗೆ ಮಗಳಿದ್ದಾಳೆ ಅಮ್ಮ.”

“ಗೊತ್ತು. ನಮ್ಮ ಯಜಮಾನ್ರೂ ಇಂಗೇ ನಕ್ಕುದ್ರು. ಆಚೆ ದಡದೋರು ಒಬ್ರು ಮಾರುದ್ರು ನಮ್ಗೆ. ಅವ್ರ ಮನೇಲೂ ಮಗು ಮಲ್ಗಿತ್ತಂತೆ.” ಮಲ್ಲಾಜಮ್ಮ ಸೆರಗಿನಿಂದ ಹುಡುಗನ ಬಾಯಿ ಒರೆಸಿದರು. “ಅದ್ರ ಮಾತ ಏಳ್ಲೇಬೇಕು. ಕೇಳ್ದೋರು ನಗಬೇಕು. ನಕ್ಕೋರು ಕೈಯಾರೆ ಕೀ ಈಸ್ಕಬೇಕು. ಮೂರೂ ಆದ್ರೇನೇ ಅದು ಎದ್ದೋಗದು. ನೀವಾಳ್ಸಿ ಮೂರ್ ದಾರಿ ಕೂಡೋ ತಾವ ಮಡಗ್ತಾರಲ್ಲ, ದಾಟ್ದೋರ್ಗೆ ಅಂಟ್ಕತ್ತದಲ್ಲ, ಅಂಗೇಯ. ಆದ್ರೆ ಈ ಸೀಮೇಲಿ ಯಾರ್ ದಾಟಾರು? ಅದ್ಕೇ ಅಳಿಯಂದ್ರು ಕಂಪ್ಯೂಟ್ರಲ್ಲಿ ಮಡಗುದ್ರು. ಅಲ್ಲಾದ್ರೆ ಯಾವೂರೋರೋ ಬತ್ತಾರೆ ಅಂತ.”

ಮದನ್ ಅಂದೇ ಸೈಬರ್ ಕೆಫೆಯಲ್ಲಿ ಕೂತು ಜಾಹೀರಾತು ಹಾಕಿದ. ಬೇರೆಯವರ ಫೋಟೊಗಳಲ್ಲಿ ಸುಳ್ಳು ಹುಡುಕುತ್ತಿದ್ದವನು ತಾನೇ ಹನ್ನೆರಡು ಫೋಟೊ ಏರಿಸಿದ. ಒಂದರಲ್ಲೂ ಸುಳ್ಳಿಲ್ಲ. ಎಲ್ಲದರಲ್ಲೂ ಎಡಗಡೆಯ ಗಾಜು ಎರಡು ಬೆರಳು ಇಳಿದಿತ್ತು.

ಚಾಮರಾಜನಗರದಿಂದ ಒಂದು ಸಂಸಾರ ಬಂತು. ಮಾತು ಕೇಳಿದ್ದೇ ತಡ, ಆ ಹೆಂಗಸು ಮಕ್ಕಳ ಕೈ ಹಿಡಿದು ಎಳೆದುಕೊಂಡು ಓಡಿದಳು. ಮೈಸೂರಿನವನೊಬ್ಬನಿಗೆ ಹೇಳದೆಯೇ ಕೀ ಕೊಟ್ಟು ನೋಡಿದ. ಕಾರು ಕಪಿಲಾ ಸೇತುವೆಯ ನಡುವೆ ನಿಂತುಬಿಟ್ಟಿತು. ನಾಲ್ಕು ಜನ ತಳ್ಳಿಕೊಂಡು ವಾಪಸು ತಂದರು. ಅದು ನಿಂತ ಹೊತ್ತಿಗೆ ಸರಿಯಾಗಿ ಕವನಳ ತುಟಿಯಿಂದ ರಕ್ತ ಒಸರತೊಡಗಿತ್ತು. ಆಮೇಲೆ ಬಂದವರೂ ಅಷ್ಟೇ. ಹೆದರಿದರು, ಬೈದರು, ಉಗಿದರು. ಒಬ್ಬರೂ ನಗಲಿಲ್ಲ.

ಮಾರ್ಚಿ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ರಾಹುಲ್ ಬಂದ. ಕೈಯಲ್ಲಿ ಜಾಹೀರಾತಿನ ಪ್ರಿಂಟು.

“ಏನ್ ಸಾರ್ ಇದು, ಮಗು ಉಷಾರಿಲ್ಲ ಅಂತ ರಜಾ ಹಾಕಿ ಕಾರ್ ಬೇರೆ ಮಾರ್ತಿದ್ದೀರಿ! ನನಗೊಂದು ಮಾತು ಹೇಳಬಾರದಾ? ನಮ್ಮ ಪಾಪೂಗೆ ಈಗ ನಾಲ್ಕು ತಿಂಗಳು. ಬೈಕಲ್ಲಿ ಕೂರಿಸಿಕೊಂಡು ಓಡಾಡೋಕೆ ಕೋಮಲ ಹೆದರ್ತಾಳೆ. ನಾನೇ ತಗೋತೀನಿ.”

ಮಾರಾಟವಾಯಿತು ಎಂದರೆ ಸಾಕಿತ್ತು. ಒಂದೇ ಮಾತು. ಅದು ಮದನನ ನಾಲಿಗೆಯ ತುದಿಗೂ ಬಂದಿತ್ತು. ತಿರುಗಿ ನೋಡಿದ. ಕೋಣೆಯ ಬಾಗಿಲಲ್ಲಿ ಅರ್ಪಿತ ನಿಂತಿದ್ದಳು. ಕೈಯಲ್ಲಿ ಒದ್ದೆ ಹತ್ತಿ, ಹತ್ತಿಯಲ್ಲಿ ಮಗಳ ತುಟಿಯ ರಕ್ತ. ಅವಳಿಗೂ ಎಲ್ಲಾ ಗೊತ್ತಿತ್ತು. ರಾಹುಲನ ಮಗುವಿನ ನಾಮಕರಣಕ್ಕೆ ತೊಟ್ಟಿಲು ತೂಗಿ ಬಂದವಳು ಅವಳು. ತುಟಿಯಲ್ಲೇ, ದನಿಯಿಲ್ಲದೆ, “ಹೇಳಿ” ಎಂದಳು.

ಮದನ್ ಹೇಳಿದ. “ಹಿಂದಿನ ಎಡಗಡೆ ಸೀಟು ಖಾಲಿ ಇಲ್ಲ ರಾಹುಲ್. ಅಲ್ಲೊಂದು ಮಗು ಕೂತಿದೆ. ಅದಕ್ಕೆ ಬಾಯಾರಿಕೆ. ತಿಳಿದೂ ತಗೋತೀಯಾ?”

ರಾಹುಲ್ ಒಂದು ಗಳಿಗೆ ಕಣ್ಣು ಪಿಳಿಪಿಳಿ ಮಾಡಿದ. ಆಮೇಲೆ ಅವನ ಮುಖ ಅರಳಿತು. “ಸೂಪರ್ ಸಾರ್! ಮುಂದಿನ ಪ್ರೋಗ್ರಾಮಿಗಾ? ನನಗಿಂತ ಚೆನ್ನಾಗಿ ಹೇಳ್ತೀರಲ್ಲ!” ಎಂದು ಬಾಯ್ತುಂಬ ನಕ್ಕ. ನಗುತ್ತಲೇ ಕೈ ಚಾಚಿ ಕೀ ತೆಗೆದುಕೊಂಡ. ಗೆಜ್ಜೆ ಗಲಗಲ ಎಂದಿತು.

“ಅಮ್ಮಾ, ನೀರು.”

ಅರ್ಪಿತ ಚೀರಿದಳು. ಮಲ್ಲಾಜಮ್ಮ ಚೀರಿದ್ದ ಹಾಗೆಯೇ ಚೀರಿದಳು. ಮದನನಿಗೆ ಸಂತೋಷವಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೈಯೆಲ್ಲ ಹಗುರಾಗುವಂಥ ಸಂತೋಷ. ಗೇಟಿನಾಚೆ ಕಾರು ಹೊರಟ ಸದ್ದು ಕೇಳಿಸಿದಾಗಲೂ ಅವನು ಹೊರಗೆ ಹೋಗಿ ನೋಡಲಿಲ್ಲ.

ಕವನ ನೀರು ಕುಡಿದಳು, ಹಾಲು ಕುಡಿದಳು, ಮೂರನೆಯ ದಿನ ಎದ್ದು ನಡೆದಳು. ಆದರೆ ನಗುತ್ತಿರಲಿಲ್ಲ. ಅರ್ಪಿತ ಮೂತಿ ಸೊಟ್ಟ ಮಾಡಿ ತೋರಿಸಿದಳು, ಕಚಗುಳಿ ಇಟ್ಟಳು, ಬೆಕ್ಕಿನ ಹಾಗೆ ಕೂಗಿದಳು. ಮಗು ಸುಮ್ಮನೆ ನೋಡುತ್ತಿತ್ತು. ಒಂದು ಸಲ ನಕ್ಕುಬಿಟ್ಟರೆ ಎಲ್ಲಾ ಮೊದಲಿನಂತಾಗುತ್ತದೆ ಎಂದು ಗಂಡ ಹೆಂಡತಿ ಇಬ್ಬರೂ ಆ ನಗುವಿಗೆ ಕಾದು ಕೂತರು. ರಾಹುಲನ ಫೋನು ಬರುತ್ತಿತ್ತು. ಮದನ್ ಎತ್ತಲಿಲ್ಲ. ಒಂದು ದಿನ ಹನ್ನೊಂದು ಸಲ ಬಂತು, ಹನ್ನೊಂದು ಸಲವೂ ಸುಮ್ಮನೆ ನೋಡುತ್ತಾ ಕೂತ.

ಏಪ್ರಿಲ್ ಮೂರನೆಯ ವಾರ. ಮಧ್ಯಾಹ್ನ ಮೂರು ಗಂಟೆಗೇ ಮೋಡ ಕವಿದು ಮನೆಯೊಳಗೆ ದೀಪ ಹಾಕಬೇಕಾಯಿತು. ಗಾಳಿಯಿಲ್ಲ. ಗೇಟಿನ ಮುಂದೆ ಆ ಇಂಜಿನ್ನಿನ ಸದ್ದು ಬಂದು ನಿಂತಿತು. ಹಿಂದೆಯೇ ಕೆಟ್ಟ ಹಾಲಿನ ವಾಸನೆ.

ರಾಹುಲ್ ಗಡ್ಡ ಬಿಟ್ಟಿದ್ದ. ಅಂಗಿಯ ಗುಂಡಿ ಮೇಲೆ ಕೆಳಗಾಗಿ ಹಾಕಿಕೊಂಡಿದ್ದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಮದನ್ ಕಾದ. ಅವನು ಬೈಯಲಿಲ್ಲ.

“ಮೂಗೂರಿಗೆ ಹೋಗಿದ್ದೆ ಸಾರ್. ಎಲ್ಲಾ ಗೊತ್ತಾಯ್ತು. ಪಾಪು ಹಾಲು ಕುಡಿದು ಆರು ದಿನ ಆಯ್ತು.” ಕಾರಿನತ್ತ ಒಮ್ಮೆ ತಿರುಗಿ ನೋಡಿದ. “ಎಷ್ಟು ಜನಕ್ಕೆ ಹೇಳಿದೆ ಸಾರ್. ಯಾರೂ ನಗಲ್ಲ. ಈ ಸೀಮೇಲಿ ನಗ್ತಿದ್ದೋರು ನಾವಿಬ್ಬರೇ ಅಲ್ವಾ?”

“ರಾಹುಲ್, ಬೇಡ ಕಣೋ. ನನಗೆ ಇನ್ನು ನಗೋಕೆ ಬರಲ್ಲ.”

“ಒಂದೇ ಸಲ ಸಾರ್. ಒಂದೇ ಸಲ ನಗಿ.”

ರಾಹುಲ್ ಅಂಗಳದ ಮಣ್ಣಿನಲ್ಲಿ ಮಂಡಿಯೂರಿದ. ಕೀ ಹಿಡಿದ ಕೈಯನ್ನು ಮುಂದೆ ಚಾಚಿದ. ಅಳು ತಡೆಯಲು ಕಣ್ಣು ಮೇಲೆತ್ತಿದ. ಬಿಳಿಗುಡ್ಡೆ ಕಂಡಿತು. “ಹಿಂದಿನ ಎಡಗಡೆ ಸೀಟು ಖಾಲಿ ಇಲ್ಲ ಸಾರ್... ಅಲ್ಲೊಂದು ಮಗು ಕೂತಿದೆ... ಅದಕ್ಕೆ ಬಾಯಾರ್ಕೆ...” ದನಿ ಒಡೆದು, ನಡುಗಿ, ಉದ್ದಕ್ಕೆ ಎಳೆದುಕೊಂಡಿತು. “ಬಾಯಾರ್ಕೆ... ತಿಳ್ಕೊಂಡೇ ತಗೋತೀರಾ?”

ಮದನನ ಬೆನ್ನ ಹಿಂದೆ ಕಿಲಕಿಲ ಸದ್ದಾಯಿತು.

ಹೊಸಿಲ ಮೇಲೆ ಕವನ ನಿಂತಿದ್ದಳು. ರಾಹುಲ್ ಮಾಮನನ್ನು ನೋಡುತ್ತಿದ್ದಳು. ಅದೇ ಮಂಡಿ, ಅದೇ ಕಣ್ಣು, ಅದೇ ದನಿ. ಎರಡು ತಿಂಗಳಿನಿಂದ ನಗದಿದ್ದ ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಬಗ್ಗಿ ಬಗ್ಗಿ ನಗುತ್ತಿತ್ತು.

ಒಳಗಿನಿಂದ ಅರ್ಪಿತ ಓಡಿ ಬಂದಳು. “ರೀ! ನಕ್ಕಳು! ಕವನ ನಕ್ಕಳು ಕಣ್ರೀ!” ಅವಳ ಮುಖದಲ್ಲಿ ಹಬ್ಬ. ಅಂಗಳದಲ್ಲಿ ಮಂಡಿಯೂರಿದ್ದವನನ್ನು ಅವಳು ಆಗಿನ್ನೂ ನೋಡಿರಲಿಲ್ಲ.

ಮದನ್ ಕೈ ಚಾಚಿದ. ಹಿಡಿಯಲು ಹೋದ. ಫ್ರಾಕಿನ ಅಂಚು ಬೆರಳಿಗೆ ಸಿಕ್ಕಿ ಜಾರಿತು. ಮಗು ಓಡಿತು. ಅದಕ್ಕೆ ಆ ಹಿತ್ತಾಳೆ ಗೆಜ್ಜೆಯೆಂದರೆ ಮೊದಲಿನಿಂದಲೂ ಆಸೆ. ರಾಹುಲ್ ಕೈ ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಅವನ ಬೆರಳು ಬಿಗಿದವು. ಆಮೇಲೆ ತಾವಾಗಿಯೇ ಸಡಿಲವಾದವು.

ಗೆಜ್ಜೆ ಗಲಗಲ ಎಂದಿತು.

ರಾಹುಲನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನು ಕಿವಿಗಿಟ್ಟುಕೊಂಡ. ಕೋಮಲ ಅಳುತ್ತಾ ನಗುತ್ತಾ ಕೂಗುತ್ತಿದ್ದುದು ಎಲ್ಲರಿಗೂ ಕೇಳಿಸಿತು. ಪಾಪು ಹಾಲು ಕುಡಿಯುತ್ತಿದೆಯಂತೆ. ರಾಹುಲ್ ಮಣ್ಣಿಗೆ ಹಣೆ ಹಚ್ಚಿದ. ಮದನನ ಪಾದದ ಬಳಿಯ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ.

ಅರ್ಪಿತಳಿಗೆ ಎಲ್ಲಾ ಅರ್ಥವಾಯಿತು. ಅವಳು ಒಳಗೆ ಓಡಿ ಒಂದು ಲೋಟ ನೀರು ತಂದು, ಮಗಳ ಮುಂದೆ ಕೂತು, ಲೋಟವನ್ನು ಅವಳ ತುಟಿಗೆ ಹಿಡಿದಳು. “ಕು... ಕುಡಿ ಚಿನ್ನಾ. ಒಂದೇ ಗುಟುಕು. ಅಮ್ಮನಿಗೋಸ್ಕರ.”

ಕವನ ಗೇಟಿನಾಚೆಯ ಕಾರನ್ನು ನೋಡಿದಳು. ಎಡಗಡೆಯ ಕಿಟಕಿಯ ಗಾಜು ಎರಡು ಬೆರಳು ಇಳಿದಿತ್ತು. ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ಅಕ್ಕ ಕುಡೀಲಿ ಮೊದಲು” ಎಂದಳು.